ಮೂರು ರೆಕ್ಕೆ ಬರೆದರೆ ಮಾರ್ಕ್ಸ್ ಕಟ್

ಹೆಲಿಕಾಪ್ಟರ್ ಬರೆಯುವುದನ್ನು ಪುಟ್ಟ ಮಕ್ಕಳಿಗೆ ಕಲಿಸುವ ಕ್ರಮ ಮಾಲೂರಿನಿಂದ ಮುಳಬಾಗಿಲಿನ ತನಕ ಒಂದೇ. ಮೊದಲು ಬೋರ್ಡಿನ ಮೇಲೊಂದು ಮೊಟ್ಟೆ. ಮೊಟ್ಟೆಗೆ ಬಾಲ. ತಲೆಯ ಮೇಲೆ ಅಡ್ಡಗೆರೆ ಎಳೆದರೆ ಎರಡು ರೆಕ್ಕೆ. ಕೆಳಗೆ ಎರಡು ಚಕ್ರ, ಪಕ್ಕದಲ್ಲಿ ಒಂದು ಮೋಡ. ಮಕ್ಕಳೆಲ್ಲ ನೋಡಿಕೊಂಡು ಬರೆಯುತ್ತಾರೆ, ಅಷ್ಟೂ ಹೆಲಿಕಾಪ್ಟರುಗಳು ಎಡಕ್ಕೇ ಮುಖ ಮಾಡಿ ನಿಲ್ಲುತ್ತವೆ. ಇಂಥ ಶಿಸ್ತು ನಮ್ಮ ಕೋಲಾರ ಜಿಲ್ಲೆಯ ಯಾವ ಪಕ್ಷದ ಶಾಸಕರಲ್ಲೂ ಕಂಡಿದ್ದಿಲ್ಲ.

ನಿಜಕ್ಕೂ ತಕರಾರು ಮೊಟ್ಟೆಯಲ್ಲೇ ಏಳಬೇಕಿತ್ತು. ಬಿಸಿಯೂಟದಲ್ಲಿ ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡುವ ರಾಜ್ಯ ನಮ್ಮದು. ಡ್ರಾಯಿಂಗಿನಲ್ಲಿ ಮಾತ್ರ ಆ ಆಯ್ಕೆ ಇಲ್ಲ. ಬಾಳೆಹಣ್ಣಿನ ಆಕಾರದ ಹೆಲಿಕಾಪ್ಟರನ್ನು ಅಮೆರಿಕದವರು ಮಾಡಿ ಹಾರಿಸಿಯೂ ಆಗಿದೆ. ಎಚ್-21 ಎಂಬ ಅದನ್ನು ಜನ ಕರೆದದ್ದೇ ‘ಹಾರುವ ಬಾಳೆಹಣ್ಣು’ ಎಂದು. ಶ್ರೀನಿವಾಸಪುರದ ಮಗುವಿಗಾದರೆ ಅಷ್ಟು ದೂರ ಹೋಗುವುದೂ ಬೇಡ. ತೋತಾಪುರಿ ಕಾಯೊಂದನ್ನು ಅಡ್ಡ ಮಲಗಿಸಿದರೆ ಮುಕ್ಕಾಲು ಹೆಲಿಕಾಪ್ಟರ್ ಸಿದ್ಧ, ಚೂಪು ಮೂತಿ ಬಾಲಕ್ಕೇ ಸರಿಯಾಗುತ್ತದೆ. ಮಾದರಿಗಳಿಗೂ ಬರವಿಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬರಕೂಡದೆಂದು ಗಡಿಯಲ್ಲಿ ಅಡ್ಡಹಾಕಿದಾಗ, ನಮ್ಮ ಮುಖ್ಯಮಂತ್ರಿ ಅವರ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ಅಷ್ಟು ಹೆಸರು ಮಾಡಿದ ಕಾಯಿ ಕ್ಲಾಸಿನ ಡ್ರಾಯಿಂಗ್ ಚಾರ್ಟಿನೊಳಗೆ ಮಾತ್ರ ಇನ್ನೂ ಬಂದಿಲ್ಲ.

ಈಗ ಒಂದು ಹಾಳೆಯನ್ನು ಊಹಿಸಿಕೊಳ್ಳಿ. ವೇಮಗಲ್ ಕಡೆಯ ಒಂದನೇ ಕ್ಲಾಸಿನ ಹುಡುಗಿಯದು. ಬೋರ್ಡು ನೋಡುವ ಬದಲು ಕಿಟಕಿಯಾಚೆ ನೋಡಿಕೊಂಡು ಬರೆದ ಚಿತ್ರ. ಹೆಲಿಕಾಪ್ಟರಿಗೆ ಮೂರು ರೆಕ್ಕೆ. ಚಕ್ರವಿಲ್ಲ, ಕೆಳಗೆ ಎರಡು ಉದ್ದನೆಯ ಕಂಬಿ. ಬಾಲದ ತುದಿಗೆ ಪುಟ್ಟದೊಂದು ಫ್ಯಾನು. ಹೆಲಿಕಾಪ್ಟರಿನಷ್ಟೇ ದೊಡ್ಡದೊಂದು ಹದ್ದು ಮುಂದಿನ ಗಾಜಿಗೆ ಡಿಕ್ಕಿ ಹೊಡೆಯುತ್ತಿದೆ. ಗೋಡೆ ತೂರಿಕೊಂಡು ಒಳಗಿನ ಜನರೆಲ್ಲ ಕಾಣುತ್ತಿದ್ದಾರೆ. ಎಲ್ಲರ ಬಟ್ಟೆಯೂ ಬಿಳಿ, ಕೈಗಳೆಲ್ಲ ಜೋಡಿಸಿದಂತೆಯೇ ಇವೆ. ಕೆಳಗೆ ಸುಣ್ಣದ ಒಂದು ಸುತ್ತು, ಅದರೊಳಗೆ ಇಂಗ್ಲಿಷಿನ ‘ಎಚ್’, ಪಕ್ಕದಲ್ಲೊಂದು ನೀರಿನ ಟ್ಯಾಂಕರ್. ಕ್ರೆಯಾನ್ ಮುರಿಯುವಷ್ಟು ಒತ್ತಿ ಬರೆದಿದ್ದಾಳೆ.

ಕೆಂಪು ಪೆನ್ನಿಗೆ ಹಬ್ಬ.

“ರೆಕ್ಕೆ ಎರಡೇ.” ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಹೆಲಿಕಾಪ್ಟರ್ ಜೋಡಿಸುವ ಕಾರ್ಖಾನೆ ಮಾಡಿವೆ, ಶುರುವಿಗೆ ವರ್ಷಕ್ಕೆ 10ರ ಲೆಕ್ಕ. ಅಲ್ಲಿನ ಎಚ್125ಕ್ಕೆ ಇರುವುದು ಮೂರು ರೆಕ್ಕೆ. ಚಕ್ರವಿಲ್ಲ, ಕಂಬಿಯ ಮೇಲೇ ಇಳಿಯುತ್ತದೆ. ಇದೇ ವಂಶದ ಹೆಲಿಕಾಪ್ಟರ್ 2005ರಲ್ಲಿ ಎವರೆಸ್ಟಿನ ತುದಿಯ ಮೇಲೇ ಇಳಿದು ಬಂದಿದೆ. ಎವರೆಸ್ಟ್ ಒಪ್ಪಿಕೊಂಡರೂ ಚಾರ್ಟು ಒಪ್ಪದು. ಇನ್ನು ಬಾಲದ ಫ್ಯಾನು: ಅದು ಇಲ್ಲದಿದ್ದರೆ ಮೇಲಿನ ರೆಕ್ಕೆ ಒಂದು ಕಡೆ ತಿರುಗಿದಂತೆ ಇಡೀ ಮೈ ಇನ್ನೊಂದು ಕಡೆ ತಿರುಗಿಬಿಡುತ್ತದೆ. ಚಾರ್ಟಿನ ಹೆಲಿಕಾಪ್ಟರಿಗೆ ಆ ಫ್ಯಾನೇ ಇಲ್ಲ. ಅದನ್ನು ಹಾರಿಸಿದರೆ ಒಳಗೆ ಕೂತವರು ಗಿರ್ರನೆ ತಿರುಗುತ್ತಲೇ ನೆಲ ಸೇರಬೇಕು. ಹೀಗಿದ್ದೂ ಅದಕ್ಕೆ 10ಕ್ಕೆ 10.

“ಹದ್ದು ಬೇಡ.” 2023ರ ಮೇ 2, ವಿಧಾನಸಭೆಯ ಮತದಾನಕ್ಕೆ ಇನ್ನು ಎಂಟೇ ದಿನ. ಡಿ.ಕೆ. ಶಿವಕುಮಾರ್ ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟಿದ್ದ ಹೆಲಿಕಾಪ್ಟರಿಗೆ ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜು ಒಡೆಯಿತು, ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ತುರ್ತಾಗಿ ಇಳಿಸಬೇಕಾಯಿತು. ಎಲ್ಲರೂ ಬದುಕಿ ಬಂದರು. ಹದ್ದಿನ ಸುದ್ದಿ ಟೀವಿಯಲ್ಲಿ ದಿನವಿಡೀ ಓಡಿತು, ಚಾರ್ಟಿನ ತನಕ ಮಾತ್ರ ತಲುಪಲಿಲ್ಲ.

“ಒಳಗಿನವರು ಹೊರಗೆ ಕಾಣಬಾರದು.” ಮಗು ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದನ್ನು ಬರೆಯುತ್ತದೆ, ಅದಕ್ಕೇ ಗೋಡೆ ಇದ್ದರೂ ಒಳಗಿನವರನ್ನು ಬಿಡುವುದಿಲ್ಲ ಎಂದು ಮಕ್ಕಳ ಚಿತ್ರಗಳನ್ನು ಅಭ್ಯಸಿಸಿದ ಫ್ರಾನ್ಸಿನ ಲ್ಯೂಕೆ 1927ರಲ್ಲೇ ಪುಸ್ತಕ ಬರೆದು ಹೇಳಿದ್ದ. ನಮಗದು ಹಿಡಿಸುವುದಿಲ್ಲ. ಹೆಲಿಕಾಪ್ಟರಿನೊಳಗೆ ಯಾರಿದ್ದಾರೆ, ಯಾರ ದುಡ್ಡಿನಲ್ಲಿ ಕೂತಿದ್ದಾರೆ ಎಂದು ಆರು ವರ್ಷಕ್ಕೇ ಇಣುಕುವ ಮಗು ಮುಂದೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವ ಅಪಾಯವಿದೆ.

“ಟ್ಯಾಂಕರ್ ಯಾಕೆ?” ಇದು ಆಕೆ ತಪ್ಪಿಲ್ಲದೆ ಬರೆದ ಭಾಗ. ನಮ್ಮ ಶಾಲಾ ಮೈದಾನಕ್ಕೆ ಇಲಾಖೆಗಳು ಓಡಿ ಬರುವುದು ಮೇಲಿನಿಂದ ಯಾರಾದರೂ ಇಳಿಯುವಾಗಲೇ. ಅದುವರೆಗೆ ಕಾಣಿಸದಿದ್ದ ಗುಂಡಿಗಳು ರಾತ್ರೋರಾತ್ರಿ ಮುಚ್ಚುತ್ತವೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆರೆ ತುಂಬಿಸಿಕೊಳ್ಳುವ ಈ ಜಿಲ್ಲೆಯಲ್ಲಿ, ಗಣ್ಯರ ಕಣ್ಣಿಗೆ ಧೂಳು ಬೀಳದಿರಲೆಂದು ಟ್ಯಾಂಕರ್‌ಗಟ್ಟಲೆ ನೀರನ್ನು ನೆಲಕ್ಕೆ ಚೆಲ್ಲುತ್ತಾರೆ. ಆಮೇಲೆ ಹಗ್ಗ ಹಿಡಿದು ಸುತ್ತು ಹಾಕಿ, ಸುಣ್ಣದಲ್ಲಿ ‘ಎಚ್’ ಬರೆಯುತ್ತಾರೆ. ಎಷ್ಟೋ ಮಕ್ಕಳು ಕಂಡ ಅತಿ ದೊಡ್ಡ ಡ್ರಾಯಿಂಗ್ ಅದೇ, ಅವರ ಪಾಲಿಗೆ ಲೋಕೋಪಯೋಗಿ ಇಲಾಖೆಯೇ ಡ್ರಾಯಿಂಗ್ ಮೇಷ್ಟ್ರು.

ಬೇರೆ ಮೇಷ್ಟ್ರಾದರೂ ಎಲ್ಲಿದ್ದಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಲೆ ಕಲಿಸುವವರು ಬೇಕಾಗುವುದು ಆರನೇ ಕ್ಲಾಸಿನಿಂದ, ಅದೂ ಮಕ್ಕಳ ಸಂಖ್ಯೆ 100 ದಾಟಿದರೆ, ಅದೂ ಅರೆಕಾಲಿಕ. ಕೈ ಹರಿದಾಡುವ ವಯಸ್ಸಿನಲ್ಲಿ ಮೇಷ್ಟ್ರಿಲ್ಲ. ಮೇಷ್ಟ್ರು ಸಿಗುವ ಹೊತ್ತಿಗೆ ಕೈ ಬೋರ್ಡಿಗೆ ಒಗ್ಗಿಹೋಗಿರುತ್ತದೆ. ನಲಿಕಲಿಯಿಂದ ಹಿಡಿದು ಹಾಲು ವಿತರಣೆಯ ಲೆಕ್ಕದ ತನಕ ಎಲ್ಲವನ್ನೂ ಒಬ್ಬರೇ ಹೊತ್ತ ಮಿಸ್ಸು, ಮೊಟ್ಟೆಗೊಂದು ಬಾಲ ಎಳೆದು ಕೈತೊಳೆದುಕೊಂಡರೆ ಅವರನ್ನು ಬೈಯುವುದು ಹೇಗೆ? ಅವರಿಗೆ ಕಲಿಸಿದ್ದೂ ಅದೇ ಮೊಟ್ಟೆ.

ಅಪ್ಪ ಅಮ್ಮಂದಿರ ಸಂಭ್ರಮ ನೋಡಬೇಕು. ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು ರಾತ್ರಿ ಬಂದು ಹಾಳೆ ತಿರುವುತ್ತಾರೆ. “ನೋಡೇ, ನಮ್ಮೋನು ಎಷ್ಟು ಚೆನ್ನಾಗಿ ಬರ್ದಿದಾನೆ, ಥೇಟ್ ಬೋರ್ಡಲ್ಲಿ ಇದ್ದಂಗೇ!” ಹೆಲಿಕಾಪ್ಟರ್ ಇದ್ದಂಗೆ ಎಂದು ಯಾರೂ ಹೊಗಳುವುದಿಲ್ಲ, ಬೋರ್ಡಿನಂತಿದ್ದರೆ ಸಾಕು. ಅದೇ ತಾಲ್ಲೂಕಿನ ಇಟ್ಟಿಗೆ ಗೂಡುಗಳ ಬಳಿ ಕೂಲಿಯವರ ಮಕ್ಕಳು ಹಸಿ ಮಣ್ಣಿನಲ್ಲಿ ಬೆರಳಾಡಿಸಿ ಎಷ್ಟು ರೆಕ್ಕೆ ಬೇಕಾದರೂ ಬರೆಯುತ್ತಾರೆ. ಮಾರ್ಕ್ಸಿನ ಹಂಗಿಲ್ಲ, ಅದರಿಂದಲೇ ತಪ್ಪೂ ಇಲ್ಲ. ಅವರನ್ನು ಶಾಲೆಗೆ ಸೇರಿಸಿ ಸರಿಪಡಿಸುವ ಕೆಲಸ ಬಾಕಿಯಿದೆ.

ಹೀಗೆ ತಿದ್ದಿಸಿಕೊಂಡ ಮಕ್ಕಳು ದೊಡ್ಡವರಾಗಿ ಐಟಿಐ, ಡಿಪ್ಲೊಮಾ ಮುಗಿಸಿ ವೇಮಗಲ್ಲಿನ ಗೇಟಿನ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಾರೆ. ಯಂತ್ರವನ್ನು ಕಣ್ಣಿಟ್ಟು ನೋಡುವವರು ಬೇಕು ಎಂದು ಕಾರ್ಖಾನೆ ಕೇಳುತ್ತದೆ. ನೋಡಿದವರಿಗೆ ಮಾರ್ಕ್ಸ್ ಕತ್ತರಿಸಿದವರು ನಾವು. ಕೆಲಸ ಹೊರಗಿನವರ ಪಾಲಾದರೆ ಸ್ಥಳೀಯರಿಗೆ ಅನ್ಯಾಯ ಎಂದು ಹೆದ್ದಾರಿಯಲ್ಲಿ ಧರಣಿ ಕೂರುತ್ತೇವೆ. ಧರಣಿಯ ಬ್ಯಾನರಿಗೆ ಹೆಲಿಕಾಪ್ಟರ್ ಚಿತ್ರ ಬೇಕೇ ಬೇಕು. ಅದನ್ನು ಬರೆದುಕೊಡುವವರಿಗಂತೂ ಜಿಲ್ಲೆಯಲ್ಲಿ ಕೊರತೆಯಾಗುವುದಿಲ್ಲ.