ಫಿಲ್ಟರಿಗೆ ಅಂಟಿದ ಪದ

ಒಂದು ಬೆಳಗ್ಗೆ ಅಡುಗೆಮನೆಗೆ ಹೋದರೆ ಕಾಫಿ ಫಿಲ್ಟರಿನ ಹೊಟ್ಟೆಗೆ ಹಳದಿ ಚೀಟಿ ಅಂಟಿತ್ತು: ‘ಪ್ಲೆಥೋರಾ’. ಫ್ರಿಜ್ಜಿನ ಬಾಗಿಲಿಗೆ ‘ಯುಬಿಕ್ವಿಟಸ್’. ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಮೂಗಿರಬೇಕಾದ ಕಡೆ ‘ಡೆಟ್ರಿಮೆಂಟಲ್’. ಮನೆಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಹೊಕ್ಕಿತ್ತು.

ಅಕ್ಕನ ಮಗಳು ನರ್ಸು. ನವಜಾತ ಶಿಶುಗಳ ವಾರ್ಡಿನಲ್ಲಿ ಎಂಟು ವರ್ಷ ರಾತ್ರಿ ಪಾಳಿ, ಹಗಲು ಪಾಳಿ ಮಾಡಿದವಳು. ಇಂಗ್ಲೆಂಡಿನ ಆಸ್ಪತ್ರೆ ಸೇರಬೇಕಾದರೆ ಓದುವುದು, ಕೇಳುವುದು, ಮಾತಾಡುವುದರಲ್ಲಿ ತಲಾ 7 ಬ್ಯಾಂಡ್, ಬರವಣಿಗೆಯಲ್ಲಿ 6.5 ಬರಬೇಕು. ಒಟ್ಟು ಇರುವುದೇ 9. ಮೊದಲ ಸಲ ಬರವಣಿಗೆಯಲ್ಲಿ 6 ಬಂತು. “ಪದ ಸಾಲಲಿಲ್ಲ ಮಾಮ” ಎಂದು ತೀರ್ಮಾನಿಸಿ ನಮ್ಮ ಗೋಡೆಗಳನ್ನು ನಿಘಂಟು ಮಾಡತೊಡಗಿದಳು.

ಪದ ಸಂಪಾದನೆಯಲ್ಲಿ ನಾನೂ ಅನುಭವಸ್ಥನೇ. 1990ರ ದಶಕದಲ್ಲಿ ಅಮೆರಿಕದ ಹುಚ್ಚು ಹತ್ತಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ಜಿಆರ್‌ಇ ಪರೀಕ್ಷೆಯ ಬ್ಯಾರನ್ಸ್ ಪುಸ್ತಕ ಕೊಂಡಿದ್ದೆ. ಅದರಲ್ಲಿ 3,500 ಪದ, ಎ ಇಂದ ಝಡ್‌ವರೆಗೆ. ಅದರ ಹಿಂದಿನ ಒಡೆಯ ಮೊದಲ ಹತ್ತು ಪುಟಕ್ಕೆ ಕೆಂಪು ಹಸಿರು ಗೆರೆ ಎಳೆದಿದ್ದ. ಆಮೇಲಿನ ಪುಟಗಳು ಇಸ್ತ್ರಿ ಮಾಡಿದ ಹಾಗಿದ್ದವು. ಅವನ ಅಮೆರಿಕ ‘ಬಿ’ಯಲ್ಲೇ ಮುಗಿದಿತ್ತು. ನಾನು ಹಟ ಹಿಡಿದು ‘ಸಿ’ ಮುಟ್ಟಿದೆ. ಇಂದಿಗೂ ಅಬೇಟ್, ಅಬ್‌ಸ್ಕಾಂಡ್, ಆಕ್ರಿಮನಿ ನನಗೆ ಬಾಲ್ಯಸ್ನೇಹಿತರು. ‘ಸಿ’ಯಿಂದಾಚೆ ಯಾರ ಪರಿಚಯವೂ ಇಲ್ಲ. ಪುಸ್ತಕ ಅದೇ ರಸ್ತೆಗೆ ಅರ್ಧ ಬೆಲೆಗೆ ವಾಪಸಾಯಿತು. ಮೂರನೆಯವನು ‘ಇ’ ಕಂಡನೋ ಇಲ್ಲವೋ.

ಹುಡುಗಿ ಬರೆದ ಪ್ರಬಂಧ ತಿದ್ದಲು ನನ್ನ ಕೈಗೇ ಬಂತು. ನಲವತ್ತು ನಿಮಿಷದಲ್ಲಿ ಕನಿಷ್ಠ 250 ಪದ ಬರೆಯಬೇಕು. ವಿಷಯ, ನಗರದ ಟ್ರಾಫಿಕ್. ಮೊದಲ ವಾಕ್ಯದಲ್ಲೇ ಪ್ಲೆಥೋರಾ, ಯುಬಿಕ್ವಿಟಸ್, ಡೆಟ್ರಿಮೆಂಟಲ್ ಮೂರೂ ಹಾಜರ್. ರೇಷ್ಮೆ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಕಾಸಿನ ಸರ. ವಾಹನ ಎಲ್ಲಿ ಹೋಯಿತೆಂದು ನಾನು ಹುಡುಕಬೇಕಾಯಿತು.

ಈ ಪರೀಕ್ಷೆಯ ಬರವಣಿಗೆಯಲ್ಲಿ ಕಾಲುಭಾಗ ಅಂಕ ಪದಸಂಪತ್ತಿಗೇ ಮೀಸಲು. ಆದರೆ ಪದ ಎಷ್ಟು ದಪ್ಪ ಎಂದಷ್ಟೇ ತೂಗುವುದಿಲ್ಲ, ಪಕ್ಕದಲ್ಲಿ ಯಾರನ್ನು ಕೂರಿಸಿದ್ದೀರಿ ಎಂದೂ ನೋಡುತ್ತಾರೆ. ಇಂಗ್ಲಿಷಿನವರ ಮಳೆ ‘ಹೆವಿ’, ಕಾಫಿ ‘ಸ್ಟ್ರಾಂಗ್’; ಅದಲುಬದಲು ಮಾಡಿದರೆ ಜಾತಕ ಕೂಡುವುದಿಲ್ಲ. ನಾವೇನು ಕಡಿಮೆಯೇ? ಗೊರಕೆ ಹೊಡೆಯುತ್ತೇವೆ, ಹರಟೆ ಕೊಚ್ಚುತ್ತೇವೆ, ಆಣೆ ಇಡುತ್ತೇವೆ. ಗೊರಕೆ ಕೊಚ್ಚಿದೆ ಎಂದವನನ್ನು ಯಾವ ಊರಿನವನಪ್ಪಾ ಎನ್ನುತ್ತೇವೆ. ಜರ್ಮನಿಯಿಂದ ಬಂದ ಕಿಟೆಲ್ ಸಾಹೇಬರಿಗೆ ಈ ಗುಟ್ಟು ತಿಳಿದಿತ್ತು. 1894ರ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಅರ್ಥ ಕೊಟ್ಟು ಕೈತೊಳೆದುಕೊಳ್ಳದೆ ಗಾದೆಗಳನ್ನೂ ತಂದು ಕೂರಿಸಿದರು. ಗಾದೆಯೊಳಗೆ ಪದ ತನ್ನ ಮನೆಯಲ್ಲಿರುತ್ತದೆ.

ಮಾತಿನ ಪರೀಕ್ಷೆಯ ತಾಲೀಮು ಇನ್ನೊಂದು ತಮಾಷೆ. ಕಾರ್ಡಿನಲ್ಲೊಂದು ವಿಷಯ, ಯೋಚಿಸಲು ಒಂದು ನಿಮಿಷ, ಮಾತಾಡಲು ಎರಡು. ಹುಡುಗಿ ನಲವತ್ತು ಸೆಕೆಂಡಿಗೆ ದಡ ಸೇರಿ ಮಿಕಮಿಕ ನೋಡುತ್ತಿದ್ದಳು. “ನನಗೊಂದು ಕೊಡೇ” ಎಂದರು ಅಮ್ಮ. ‘ಇತ್ತೀಚೆಗೆ ಹೋಗಿದ್ದ ಒಂದು ಮದುವೆ’ ಎಂದೆವು. ಯೋಚನೆಯ ನಿಮಿಷವನ್ನು ಅಮ್ಮ ಬಳಸಲೇ ಇಲ್ಲ. ಮುಕ್ಕಾಲು ಗಂಟೆಯ ಮೇಲೆ ನಾವೇ ಕೈಮುಗಿದಾಗ ಬೀಗರ ಮುನಿಸು ಇನ್ನೂ ಇಳಿದಿರಲಿಲ್ಲ. ಕನ್ನಡದಲ್ಲಿ 9 ಬ್ಯಾಂಡ್, ಅನುಮಾನವೇ ಇಲ್ಲ.

ಅದೇ ಸಂಜೆ ಡಿಕಾಕ್ಷನ್ ಇಳಿಸುತ್ತ ಅಮ್ಮ ಕೇಳಿದರು: “ಈ ಚೀಟಿ ಏನನ್ನುತ್ತೆ?”

“ಪ್ಲೆಥೋರಾ ಅಂತ ಅಜ್ಜಿ. ಬೇಕಾದ್ದಕ್ಕಿಂತ ಜಾಸ್ತಿ. ನಮ್ಮ ವಾರ್ಡಲ್ಲಿ ಹುಟ್ಟಿದ ಮಗುವಿಗೆ ರಕ್ತ ಜಾಸ್ತಿಯಾಗಿ ಮೈ ಕೆಂಪಗಾಗಿದ್ರೆ ಪ್ಲೆಥೋರಿಕ್ ಅಂತ ಕೇಸ್‌ಶೀಟಲ್ಲಿ ಬರೀತೀವಿ…” ಎಂದವಳು ಲೋಟ ಹಿಡಿದಂತೆಯೇ ನಿಂತಳು.

ಗೋಡೆಗೆ ಅಂಟಿಸಿ ಉರು ಹೊಡೆಯುತ್ತಿದ್ದ ಪದಕ್ಕೆ ಅವಳು ಎಷ್ಟೋ ಸಲ ಸ್ನಾನ ಮಾಡಿಸಿದ್ದಳು, ಬಟ್ಟೆ ಸುತ್ತಿದ್ದಳು. ಅಕ್ಯೂಟ್, ಕ್ರಾನಿಕ್, ಡಿಟೀರಿಯೊರೇಟ್, ಅಲೀವಿಯೇಟ್: ಎಲ್ಲವೂ ವಾರ್ಡಿನ ನಿತ್ಯದ ಮಾತುಗಳೇ. ನೋವನ್ನು ಅಲೀವಿಯೇಟ್ ಮಾಡಿದ ಕೈ ಬಡತನವನ್ನು ಮಾಡಲಾರದೆ? ಕ್ರಾನಿಕ್ ಕೆಮ್ಮಿನ ಹಾಗೆ ನಿರುದ್ಯೋಗವೂ ಕ್ರಾನಿಕ್. ಹೊಟ್ಟೆನೋವಿನ ಹಾಗೆ ನೀರಿನ ಶಾರ್ಟೇಜೂ ಅಕ್ಯೂಟ್. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು. ಅಂದು ರಾತ್ರಿ ಟ್ರಾಫಿಕ್ಕನ್ನು ಒಬ್ಬ ರೋಗಿಯೆಂದುಕೊಂಡು ಮತ್ತೆ ಬರೆದಳು. ಈ ಸಲ ವಾಹನಗಳು ಕಂಡವು, ಹಾರನ್ನೂ ಕೇಳಿಸಿತು.

ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದಾಳೆ, ಫಲಿತಾಂಶ ಬರಬೇಕು. ಚೀಟಿಗಳನ್ನು ಅವಳೇ ಕಿತ್ತಳು. ಫಿಲ್ಟರಿನದ್ದೊಂದನ್ನು ಅಮ್ಮ ಕೀಳಲು ಬಿಡಲಿಲ್ಲ.

ಇಂದು ಬೆಳಗ್ಗೆ ಪುಡಿ ಡಬ್ಬಿಯ ತಳವನ್ನು ಚಮಚದಲ್ಲಿ ಕೆರೆಯುತ್ತ ಅವರು ಕೂಗಿದರು: “ಲೋ, ಪುಡಿ ಅಕ್ಯೂಟು ಶಾರ್ಟೇಜು!”

ಜಾತಕ ಸರಿಯಾಗಿ ಕೂಡಿತ್ತು. ಮರುಮಾತಾಡದೆ ಚೀಲ ಹಿಡಿದು ಹೊರಟೆ.