ಪಕ್ಕದ್ಮನೆ ಜಿರಳೆ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಬೇಕಾದರೂ ಹೋಗಿ ವಿಚಾರಿಸಿ. ಜಿರಳೆ ಇರುವ ಮನೆ ಒಂದೂ ಸಿಗುವುದಿಲ್ಲ. ಜಿರಳೆ ಬರುವ ಮನೆ ಬೇಕಾದಷ್ಟು ಸಿಗುತ್ತವೆ. ಈ ಸೂಕ್ಷ್ಮವನ್ನು ಅರೆದು ಕುಡಿದವರು ಪ್ರತಿ ಕಟ್ಟಡದಲ್ಲೂ ಒಬ್ಬರಿರುತ್ತಾರೆ. ಅನುಕೂಲಕ್ಕೆ ಅವರನ್ನು ಪದ್ಮಕ್ಕ ಎನ್ನೋಣ.

"ನಮ್ಮನೇಲಿ ಜಿರಳೆ ಇಲ್ಲಾರೀ. ಆಗಾಗ ಬರುತ್ತೆ, ಅಷ್ಟೆ."

ಬಂದದ್ದನ್ನು ಗುರುತಿಸುವುದರಲ್ಲಿ ಅವರದೇ ಒಂದು ಶಾಸ್ತ್ರ. ಕೀಟ ಬಲ್ಲವರು ಜಾತಿ ನೋಡಿದರೆ, ಪದ್ಮಕ್ಕ ವಿಳಾಸ ನೋಡುತ್ತಾರೆ. ಬಚ್ಚಲಲ್ಲಿ ಕಾಣಿಸುವ, ಒಂದೂವರೆ ಇಂಚು ಉದ್ದದ ಕೆಂಗಂದು ಬಣ್ಣದ್ದು "ಅಸೋಸಿಯೇಷನ್‌ನವರದ್ದು". ಅಡುಗೆಮನೆಯ ಅರ್ಧ ಇಂಚಿನ ತಿಳಿಗಂದು ಬಣ್ಣದ್ದು "ಮೇಲ್ಗಡೆ ಬ್ಯಾಚುಲರ್ ಹುಡುಗರದ್ದು".

ಮೊದಲನೆಯದಕ್ಕೆ ಅರ್ಧ ಅಂಕ ಕೊಡಲೇಬೇಕು. ಅದು ಅಮೆರಿಕನ್ ಜಿರಳೆ. ಮ್ಯಾನ್‌ಹೋಲು, ಚರಂಡಿಗಳಲ್ಲಿ ಬೆಳೆದು ಪೈಪು ಹಿಡಿದು ಮೇಲೆ ಬರುತ್ತದೆ. ಬಚ್ಚಲಿನ ಜಾಲರಿ ಸರಿಯಾಗಿ ಕೂತಿದ್ದು, ಪೈಪು ಗೋಡೆಯೊಳಗೆ ಹೋಗುವ ಕಡೆ ವೈಟ್ ಸಿಮೆಂಟ್ ಮೆತ್ತಿದ್ದರೆ ಅದರ ದಾರಿ ಬಂದ್. ಸಂದಿ ಸಣ್ಣದು ಎಂದು ಬಿಡುವಂತಿಲ್ಲ. ಇಷ್ಟು ದೊಡ್ಡ ಜೀವ ಮೈ ಚಪ್ಪಟೆ ಮಾಡಿಕೊಂಡು 3 ಮಿಲಿಮೀಟರ್ ಬಿರುಕಿನಲ್ಲಿ ನುಸುಳುವುದನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಅಳೆದು ತೋರಿಸಿದ್ದಾರೆ. ಇದನ್ನು ಕೇಳಿದ ಪದ್ಮಕ್ಕ, "ನೋಡಿದ್ರಾ, ಅಸೋಸಿಯೇಷನ್‌ನವರು ಮುಚ್ಚಿಸಬೇಕಿತ್ತು" ಎಂದರು. ಬಿರುಕು ಇರುವುದು ಅವರದೇ ಸಿಂಕಿನ ಕೆಳಗೆ.

ಎರಡನೆಯದರಲ್ಲಿ ಮಾತ್ರ ಪೂರ್ತಿ ಸೊನ್ನೆ. ಕತ್ತಿನ ಹಿಂದೆ ಉದ್ದಕ್ಕೆ ಎರಡು ಕಪ್ಪು ಗೆರೆ ಇದ್ದರೆ ಅದು ಜರ್ಮನ್ ಜಿರಳೆ. ಅದಕ್ಕೆ ಚರಂಡಿ, ತೋಟ ಒಗ್ಗುವುದಿಲ್ಲ. ಮನುಷ್ಯರ ಮನೆಯೇ ಆಗಬೇಕು, ಅದರಲ್ಲೂ ಬೆಚ್ಚಗಿನ, ಪಸೆಯಿರುವ ಅಡುಗೆಮನೆ.

ಕೊನೆಗೆ ಪದ್ಮಕ್ಕ ಪೆಸ್ಟ್ ಕಂಟ್ರೋಲ್‌ನ ಹುಡುಗನನ್ನು ಕರೆಸಿದರು. ಅದೂ ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ, ಮಧ್ಯಾಹ್ನ ಎಲ್ಲರೂ ಮಲಗಿರುವ ಹೊತ್ತಿಗೆ. ಅವನು ಕಬೋರ್ಡಿನ ಕೀಲಿಗೆ ಟಾರ್ಚು ಬಿಟ್ಟ. ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಹಿಕ್ಕೆ. ಮಿಕ್ಸಿ ಎತ್ತಿ ವಾಲಿಸಿದ. ತಳದ ಗಾಳಿಕಿಂಡಿಯಿಂದ ಒಂದು ಹೆಣ್ಣು, ಹಿಂಬದಿಗೆ ಕಂದು ಮೊಟ್ಟೆಚೀಲ ಅಂಟಿಸಿಕೊಂಡೇ ಹೊರಬಂದು, ಮೀಸೆ ಆಡಿಸಿ, ಸ್ಟೌವಿನ ಅಡಿಗೆ ಓಡಿತು.

"ಅದೊಂದರಲ್ಲೇ 30-40 ಮೊಟ್ಟೆ ಇರುತ್ತೆ ಮೇಡಂ. ಹಗಲಲ್ಲೂ ಓಡಾಡ್ತಿವೆ ಅಂದ್ರೆ ಒಳಗೆ ಜಾಗ ಸಾಲ್ತಿಲ್ಲ ಅಂತ."

"ಎಲ್ಲಿಂದ ಬಂದಿರಬಹುದು?"

ಹುಡುಗನ ಕಣ್ಣು ಫ್ರಿಜ್ಜಿಗೂ ಗೋಡೆಗೂ ನಡುವೆ ತುರುಕಿದ್ದ ರಟ್ಟಿನ ಪೆಟ್ಟಿಗೆಗಳ ಮೇಲೆ ಬಿತ್ತು. ಆನ್‌ಲೈನಿನಲ್ಲಿ ತರಿಸಿದ ಒಂದು ವಸ್ತುವಿನ ಡಬ್ಬವನ್ನೂ ಪದ್ಮಕ್ಕ ಎಸೆದವರಲ್ಲ, "ಎಂದಾದ್ರೂ ಬೇಕಾಗುತ್ತೆ". ಈ ಜಿರಳೆ ಊರೂರು ಸುತ್ತುವುದೇ ರಟ್ಟಿನ ಪೆಟ್ಟಿಗೆ, ದಿನಸಿ ಚೀಲ, ಸೆಕೆಂಡ್ ಹ್ಯಾಂಡ್ ಫ್ರಿಜ್ಜುಗಳಲ್ಲಿ. ಹುಡುಗ ಬಾಯಿ ತೆರೆಯುವ ಮೊದಲೇ ಪದ್ಮಕ್ಕ ತೀರ್ಪು ಕೊಟ್ಟಾಗಿತ್ತು: "ಹೋದ ತಿಂಗಳು ಪಕ್ಕದ್ಮನೆಯವರು ಡಬ್ಬೀಲಿ ಬಿಸಿಬೇಳೆಬಾತ್ ಕಳಿಸಿದ್ರು. ಅದರಲ್ಲೇ ಬಂದಿರೋದು."

ಅವನು ಸಿರಿಂಜಿನಿಂದ ಕೀಲು, ಮೂಲೆಗಳಲ್ಲಿ ಸಣ್ಣ ಸಣ್ಣ ಚುಕ್ಕೆ ಜೆಲ್ ಇಟ್ಟ. ಇದು ನಿಧಾನದ ವಿಷ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಉಳಿದವೂ ಸಾಯುತ್ತವೆ. "ಇದರ ಹತ್ರ ಸ್ಪ್ರೇ ಹೊಡೀಬೇಡಿ, ಫಿನಾಯಿಲ್ ಹಾಕಿ ಒರೆಸಬೇಡಿ. ತೊಟ್ಟಿಕ್ಕೋ ನಲ್ಲಿಗೆ ವಾಷರ್ ಹಾಕಿಸಿ, ರಾತ್ರಿ ಮುಸುರೆ ಪಾತ್ರೆ ಬಿಡಬೇಡಿ, ಕಸದ ಬುಟ್ಟಿಗೆ ಮುಚ್ಚಳ ಇಡಿ" ಎಂದು ಹೇಳಿ ಹೋದ. ನಲ್ಲಿಯ ಮಾತು ಸುಮ್ಮನೆ ಹೇಳಿದ್ದಲ್ಲ. ಊಟವಿಲ್ಲದೆ ತಿಂಗಳವರೆಗೂ ತಳ್ಳಬಲ್ಲ ಈ ಜಿರಳೆ, ನೀರಿಲ್ಲದೆ ಒಂದೆರಡು ವಾರಕ್ಕಿಂತ ಹೆಚ್ಚು ಬದುಕುವುದಿಲ್ಲ.

ಪದ್ಮಕ್ಕ ಎಲ್ಲಕ್ಕೂ ತಲೆಯಾಡಿಸಿದರು. ಸಂಜೆ ಜೆಲ್ಲಿನ ಮೇಲೆಯೇ ಅರ್ಧ ಕ್ಯಾನ್ ಸ್ಪ್ರೇ ಹೊಡೆದರು. ಆಮೇಲೆ ಜಿರಳೆ ಚಾಕ್‌ಪೀಸು ತಂದು ಗೆರೆ ಎಳೆದರು. ಸಿಂಕಿನ ಸುತ್ತ ಅಲ್ಲ, ಮುಂಬಾಗಿಲ ಹೊಸ್ತಿಲಿಗೆ, ಪಕ್ಕದ್ಮನೆ ಕಡೆ ಇನ್ನೊಂದು ಗೆರೆ ಜಾಸ್ತಿ.

ಸ್ಪ್ರೇಯ ಘಾಟಿಗೆ ಬದುಕುಳಿದವು ಚದುರಿ, ಪೈಪಿನ ಡಕ್ಟಿನಲ್ಲಿ ಇಳಿದು ಅಕ್ಕಪಕ್ಕ ಸೇರಿಕೊಂಡವು. ಪಕ್ಕದ್ಮನೆಯವರು ಹೋದವರ ಬಂದವರ ಮುಂದೆಲ್ಲ, "ನಮ್ಮನೇಲಿ ಇರಲೇ ಇಲ್ಲಾರೀ, ಪದ್ಮಕ್ಕನ ಮನೆಯಿಂದ ಬಂದಿದ್ದು" ಎನ್ನತೊಡಗಿದರು. ಜೀವಮಾನದಲ್ಲಿ ಮೊದಲ ಸಲ ಆ ಮಾತು ಪೂರ್ತಿ ನಿಜವಾಗಿತ್ತು. ಪದ್ಮಕ್ಕನಿಗೆ ತಡೆಯಲಾಗದಷ್ಟು ಅವಮಾನವಾಯಿತು.

ಸಮಾಧಾನ ಮಾಡಲು ಹೋದವನು ಎಂ.ಎಸ್ಸಿ. ಓದುತ್ತಿದ್ದ ಅಣ್ಣನ ಮಗ. "ಬಿಡಿ ಅತ್ತೆ, ಇಡೀ ಪ್ರಪಂಚವೇ ಹೀಗೆ. ಜೀವಿಗಳಿಗೆ ಹೆಸರಿಡೋ ವಿಜ್ಞಾನಿ ಲಿನೇಯಸ್ 1767ರಲ್ಲಿ ಇದನ್ನ ಜರ್ಮನಿಯ ಲೆಕ್ಕಕ್ಕೆ ಬರೆದ. 2024ರಲ್ಲಿ ಡಿಎನ್‌ಎ ನೋಡಿದ್ರೆ ಅದು ನಮ್ಮ ಕಡೇದೇ! ಸುಮಾರು 2,100 ವರ್ಷದ ಹಿಂದೆ ಏಷ್ಯನ್ ಜಿರಳೆಯಿಂದ ಕವಲೊಡೆದು ಮನೆಯೊಳಗೆ ಸೇರ್ಕೊಂಡಿದ್ದಂತೆ."

"ನಮ್ಮ ಕಡೇದು ಅಂತ ಬರೆದಿದಾರೇನೋ?"

"ಭಾರತ ಇಲ್ಲವೇ ಮ್ಯಾನ್ಮಾರ್ ಅಂತ ಬರೆದಿದಾರೆ."

ಪದ್ಮಕ್ಕನ ಮುಖ ಅರಳಿತು. "ಹಾಗಿದ್ರೆ ಮ್ಯಾನ್ಮಾರ್‌ದೇ ಕಣೋ. ಪಕ್ಕದ್ದೇ ತಾನೆ?"