ಟಚ್‌ಪ್ಯಾಡಿನ ಗುಟ್ಟು ಕಾಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲ್ಯಾಪ್‌ಟಾಪ್ ತಯಾರಕರೇ,

ಎರಡು ಬೆರಳಲ್ಲಿ ಪುಟ ಸರಿಸಬಹುದು, ಮೂರು ಬೆರಳಲ್ಲಿ ಆ್ಯಪ್ ಬದಲಿಸಬಹುದು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದೀರಿ. ಲಿನಕ್ಸ್ ಹಾಕಿದೆ ನೋಡಿ, ಅದೇ ಟಚ್‌ಪ್ಯಾಡ್ ಈಗ ಒಂದೇ ಬೆರಳಿಗೆ ಓಗೊಡುತ್ತಿದೆ. ಸಹಾಯವಾಣಿಯ ಹುಡುಗ ಸೌಜನ್ಯದಿಂದಲೇ ಪರಿಹಾರ ಹೇಳಿದ: "ವಿಂಡೋಸ್ ಹಾಕ್ಕೊಂಡ್ಬಿಡಿ ಸಾರ್."

ಟಚ್‌ಪ್ಯಾಡ್ ಕೆಟ್ಟಿಲ್ಲ, ವೇಷ ಹಾಕಿದೆ. ಗುರುತು ಹಿಡಿಯುವ ಡ್ರೈವರ್ ಸಿಗದಿದ್ದರೆ ಅದು ತಾನೊಂದು ಸಾದಾ ಪಿಎಸ್/2 ಮೌಸ್ ಎನ್ನುತ್ತದೆ. 1987ರಲ್ಲಿ ಐಬಿಎಂ ತಂದ ಈ ಪದ್ಧತಿಯಲ್ಲಿ ಪ್ರತಿ ಸಲ ಹೋಗುವುದು ಮೂರೇ ಬೈಟ್: ಗುಂಡಿ ಒತ್ತಿದೆಯೇ, ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು. ಎರಡನೇ ಬೆರಳಿಗೆ ಅಲ್ಲಿ ಜಾಗವೇ ಇಲ್ಲ.

ನಿಜರೂಪ ತಿಳಿಯಬೇಕೇ? ಆಲ್ಪ್ಸ್ ಕಂಪನಿಯ ಟಚ್‌ಪ್ಯಾಡ್ ಆದರೆ 'ಅಳತೆ ಒಂದಕ್ಕೊಂದು ಇಡು' ಎಂಬ ಇ6 ಆದೇಶವನ್ನು ಮೂರು ಸಲ ಕೊಟ್ಟು, ನಂತರ ಇ9 ಎಂದು ಸ್ಥಿತಿ ವಿಚಾರಿಸಬೇಕು. ಉತ್ತರ ಸರಿಬಂದರೆ ಇ7 ಆದೇಶದ್ದು ಇನ್ನೊಂದು ಸುತ್ತು. ಹೆಣ್ಣು ನೋಡಲು ಹೋದವರೂ ಗೋತ್ರವನ್ನು ಇಷ್ಟು ಬಳಸಿ ಕೇಳುವುದಿಲ್ಲ. ಇದರಲ್ಲಿ ಬಹಳಷ್ಟನ್ನು ಜನ ವಿಂಡೋಸ್ ಡ್ರೈವರ್ ಟಚ್‌ಪ್ಯಾಡಿನ ಜೊತೆ ಆಡುವ ಮಾತನ್ನು ಕದ್ದು ಕೇಳಿಯೇ ಕಂಡುಕೊಂಡರು. ಬೆರಳು ಎಲ್ಲಿದೆ ಎಂಬುದು ಇಷ್ಟು ದೊಡ್ಡ ರಾಜರಹಸ್ಯವೆಂದು ನಮಗೆ ಗೊತ್ತಿರಲಿಲ್ಲ.

ನೀವು ನಮಗೆ ಸುಳ್ಳು ಹೇಳುವುದನ್ನೂ ಕಲಿಸಿದ್ದೀರಿ. ಯಂತ್ರ ಏಳುವಾಗ ಬಯಾಸ್ 'ನೀನು ಯಾವ ವಿಂಡೋಸ್?' ಎಂದು ವಿಚಾರಿಸುತ್ತದೆ. ನಿಜ ನುಡಿದರೆ ಕೆಲಸ ಕೆಡುತ್ತದೆಂದು ಲಿನಕ್ಸ್ ಇತ್ತೀಚಿನ ವಿಂಡೋಸ್‌ಗಳಿಗೆಲ್ಲ 'ಹೌದು, ನಾನೇ' ಎನ್ನುತ್ತದೆ. 'ಲಿನಕ್ಸಾ?' ಎಂದು ಕೇಳಿದರೆ ಮಾತ್ರ ಅಲ್ಲವೆನ್ನುತ್ತದೆ.

ಹಟಮಾರಿ ಮಾದರಿಗಳಿಗೆಂದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ಪ್ರತ್ಯೇಕ ಪಟ್ಟಿಯಿದೆ. ಬಯಾಸ್‌ನಲ್ಲಿ ಬರೆದ ಕಂಪನಿ ಮತ್ತು ಮಾದರಿಯ ಹೆಸರು ನೋಡಿ ಅದು ತಕ್ಕ ಮದ್ದು ಕೊಡುತ್ತದೆ. ಎಷ್ಟೋ ಯಂತ್ರಗಳಲ್ಲಿ ಆ ಜಾಗದಲ್ಲಿರುವ ಹೆಸರು: 'ತಯಾರಕರು ಭರ್ತಿ ಮಾಡತಕ್ಕದ್ದು'. ಆ ತಯಾರಕರ ವಿಳಾಸ ತಮಗೇನಾದರೂ ಸಿಕ್ಕರೆ ದಯಮಾಡಿ ತಿಳಿಸಿ.

ಗುಟ್ಟು ಬಿಟ್ಟುಕೊಟ್ಟರೆ ವ್ಯಾಪಾರ ಮುಳುಗೀತೆಂಬ ಭಯವೇ? 2013ರಲ್ಲಿ ವಿಂಡೋಸ್ 8.1ರ ಜೊತೆ ಮೈಕ್ರೋಸಾಫ್ಟ್ 'ಪ್ರಿಸಿಷನ್ ಟಚ್‌ಪ್ಯಾಡ್' ತಂದಿತು. ಬೆರಳುಗಳ ವಿವರವನ್ನು ಹೇಗೆ ಕಳಿಸಬೇಕೆಂದು ಅದು ಬಹಿರಂಗವಾಗಿಯೇ ಬರೆದಿಟ್ಟಿತು. ಅದನ್ನು ಪಾಲಿಸಿದ ಕಂಪನಿ ಯಾವುದೇ ಆಗಿರಲಿ, ಅದರ ಟಚ್‌ಪ್ಯಾಡ್ ಲಿನಕ್ಸ್‌ನ ಒಂದೇ ಸಾಮಾನ್ಯ ಡ್ರೈವರ್‌ನಲ್ಲಿ ಬಹುಮಟ್ಟಿಗೆ ತಾನೇ ಓಡುತ್ತದೆ. ಲಿನಕ್ಸ್ ಬಳಗಕ್ಕೆ ಮೈಕ್ರೋಸಾಫ್ಟಿನಿಂದ ಉಪಕಾರವಾಯಿತು, ನಿಮ್ಮಿಂದ ಆಗಲಿಲ್ಲ. ಇದು ನಮಗೂ ನಿಮಗೂ ನಾಚಿಕೆಯ ವಿಷಯ ಎಂದಷ್ಟೇ ಹೇಳುತ್ತೇನೆ.

ಆದ್ದರಿಂದ ಕೋರಿಕೆ ಇಷ್ಟೇ. ಯಾವ ಬೈಟ್ ಏನು ಹೇಳುತ್ತದೆ ಎಂಬುದನ್ನು ಬರೆದು ಪ್ರಕಟಿಸಿ. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ಮಾದರಿಯ ಹೆಸರನ್ನಾದರೂ ಭರ್ತಿ ಮಾಡಿ. ಮಿಕ್ಕದ್ದನ್ನು ಎಂದಿನಂತೆ ನಿಮ್ಮಿಂದ ಸಂಬಳ ಪಡೆಯದವರು ಮಾಡಿಕೊಳ್ಳುತ್ತಾರೆ.

ಇಂತಿ,
ಸದ್ಯಕ್ಕೆ ಯುಎಸ್‌ಬಿ ಮೌಸ್ ಹಿಡಿದಿರುವ
ನಿಮ್ಮ ವಿಧೇಯ ಗ್ರಾಹಕ